ಮೀನು ತಿಂದರೆ ಮೈಮೇಲೆ ಗಂಧೆ ಏಳುತ್ತವಾ? ಮೊದಲ ಗಂಟೆಯಿಂದ ದವಾಖಾನೆಯ ತನಕ ನೀವು ಮಾಡಬೇಕಾದ್ದು

"ಮೀನು ತಿಂದ ಮೇಲೆ ಮೈ ತುಂಬ ಗಂಧೆ ಎದ್ದವು. ಇದು ಅಲರ್ಜಿನಾ ಅಥವಾ ಮೀನು ಕೆಟ್ಟಿತ್ತಾ? ಯಾವ ಟೆಸ್ಟ್ ಮಾಡಿಸಬೇಕು? ಇನ್ನು ಜನ್ಮದಲ್ಲಿ ಮೀನು ಮುಟ್ಟೋ ಹಾಗಿಲ್ವಾ?"

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನನ್ನ ತಂಗಿಗೆ ಮೀನಿನ ಅಲರ್ಜಿ ಇದೆ. ಅವಳ ಜೊತೆ ದವಾಖಾನೆಗಳಿಗೆ ಓಡಾಡಿ, ಡಾಕ್ಟರರನ್ನು ಕೇಳಿ, ಓದಿ ತಿಳಿದುಕೊಂಡದ್ದು ಇಲ್ಲಿದೆ. ನಿಮ್ಮ ಔಷಧಿ, ನಿಮ್ಮ ಅಳತೆ ನಿಮ್ಮ ಡಾಕ್ಟರರೇ ಹೇಳಬೇಕು.

ಈಗ ನಿಮ್ಮ ಎದುರಿಗೇ ಯಾರಿಗಾದರೂ ಉಸಿರು ಕಟ್ಟುತ್ತಿದ್ದರೆ, ನಾಲಿಗೆ ಊದುತ್ತಿದ್ದರೆ, ತಲೆ ಸುತ್ತಿ ಬೀಳುವ ಹಾಗಾಗಿದ್ದರೆ ಮುಂದೆ ಓದಬೇಡಿ. 108ಕ್ಕೆ ಫೋನ್ ಮಾಡಿ, ಆಮೇಲೆ ಕೆಳಗಿನ ಹಂತ 2 ನೋಡಿ.

ಮೊದಲು ಇದು ಏನು ಅಂತ ತಿಳಿದುಕೊಳ್ಳೋಣ

ಮೀನಿನ ಮಾಂಸದಲ್ಲಿ ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಇದೆ. ಹೆಚ್ಚಿನವರ ಮೈಗೆ ಅದು ಬರೀ ಊಟ. ಕೆಲವರ ಮೈ ಮಾತ್ರ ಅದನ್ನು ವೈರಿ ಎಂದು ತಿಳಿದು, ಅದಕ್ಕಾಗಿಯೇ ಐಜಿಇ ಎಂಬ ಪ್ರತಿಕಾಯವನ್ನು ಮಾಡಿಟ್ಟುಕೊಳ್ಳುತ್ತದೆ. ಪ್ರತಿಕಾಯ ಎಂದರೆ ವೈರಿಯನ್ನು ಗುರುತು ಹಿಡಿಯುವ ಕಾವಲುಗಾರ. ಮುಂದಿನ ಸಲ ಮೀನು ಹೊಟ್ಟೆಗೆ ಹೋದ ಕೂಡಲೇ ಈ ಕಾವಲುಗಾರ ಕೂಗು ಹಾಕುತ್ತಾನೆ. ಮೈಯೊಳಗಿನ ಜೀವಕೋಶಗಳಿಂದ ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳು ಸುರಿಯುತ್ತವೆ. ಗಂಧೆ, ತುರಿಕೆ, ಊತ, ವಾಂತಿ, ದಮ್ಮು ಎಲ್ಲಾ ಅದರಿಂದಲೇ ಬರುತ್ತವೆ.

ಪಾರ್ವಾಲ್ಬುಮಿನ್ ಬೆಂಕಿಗೆ ಬಗ್ಗುವುದಿಲ್ಲ. ಹುರಿದರೂ ಕುದಿಸಿದರೂ ಉಳಿಯುತ್ತದೆ, ಸಾರಿನೊಳಗೂ ಇಳಿಯುತ್ತದೆ. "ಪೀಸ್ ಬ್ಯಾಡ್ರಿ, ಬರೇ ರಸ ಹಾಕ್ರಿ" ಅಂದರೆ ಅಲರ್ಜಿ ಇದ್ದವರಿಗೆ ಏನೂ ಉಪಯೋಗವಿಲ್ಲ. ಕೆಲವರಿಗೆ ಮೀನು ಹುರಿಯುವಾಗ ಏಳುವ ಹಬೆಯೇ ಸಾಕು, ದಮ್ಮು ಶುರುವಾಗುತ್ತದೆ.

ಎಷ್ಟು ಜನರಿಗೆ ಇದೆ? ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ, "ನನಗೆ ಮೀನು ಅಲರ್ಜಿ" ಎಂದು ತಾವೇ ಹೇಳಿಕೊಂಡವರು ಕೆಲವು ಕಡೆ 7%ವರೆಗೂ ಇದ್ದಾರೆ. ಡಾಕ್ಟರರ ಎದುರಿಗೆ ತಿನ್ನಿಸಿ ಪರೀಕ್ಷೆ ಮಾಡಿದಾಗ ಖಚಿತವಾದದ್ದು ಸುಮಾರು 0.3%ರ ಒಳಗೆ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಅಲರ್ಜಿ ಇದೆ ಎಂದುಕೊಂಡ ಬಹಳ ಜನರಿಗೆ ಆದದ್ದು ಬೇರೇನೋ. ಆದರೆ ನಿಜವಾಗಿ ಇದ್ದವರಿಗೆ ಇದು ಜೀವಕ್ಕೆ ಬರಬಹುದಾದ ತೊಂದರೆ. ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಮೀನಿನದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವುದೂ ಇದೆ. "ಇಷ್ಟು ವರ್ಷ ತಿಂದೀನಿ, ಈಗ ಹೆಂಗ ಬರ್ತದ?" ಎಂದು ತಳ್ಳಿಹಾಕಬೇಡಿ.

ಹಂತ 1: "ನಂಜು" ಅನ್ನೋ ಗಂಟು ಬಿಚ್ಚಿ

ನಮ್ಮ ಕಡೆ ಮೀನು ತಿಂದು ಏನಾದರೂ ಆದರೆ ಹಿರಿಯರು ಹೇಳುವುದು ಒಂದೇ ಮಾತು: "ಮೀನು ನಂಜು, ಪಿತ್ತ ಎದ್ದದ." ಆ ಒಂದು ಮಾತಿನೊಳಗೆ ಕಡಿಮೆ ಅಂದರೂ ನಾಲ್ಕು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಬಿಡಿಸಿ ನೋಡದಿದ್ದರೆ ಮುಂದಿನ ಎಲ್ಲಾ ಹಂತವೂ ದಾರಿ ತಪ್ಪುತ್ತದೆ.

ಒಂದು, ನಿಜವಾದ ಅಲರ್ಜಿ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯ ಒಳಗೆ ಶುರುವಾಗುತ್ತದೆ. ಒಂದೇ ತಾಟಿನ ಮೀನನ್ನು ಹತ್ತು ಜನ ತಿಂದರೂ ಆಗುವುದು ಒಬ್ಬರಿಗೆ. ಮುಂದಿನ ಸಲ ತಿಂದಾಗ ಮತ್ತೆ ಆಗುತ್ತದೆ.

ಎರಡು, ಹಿಸ್ಟಮಿನ್ ವಿಷ. ಅಲರ್ಜಿ ಎಂದು ಜನ ಮೋಸಹೋಗುವುದು ಇದರಿಂದಲೇ ಜಾಸ್ತಿ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಂಗಡೆ (ಮಂಗಳೂರು ಕಡೆ ಬಂಗುಡೆ), ತಾರ್ಲೆ, ಸುರಮೈ, ಟ್ಯೂನಾ ಇಂಥ ಸಮುದ್ರದ ಮೀನನ್ನು ಹಿಡಿದ ಮೇಲೆ ಸರಿಯಾಗಿ ಮಂಜುಗಡ್ಡೆಯಲ್ಲಿ ಇಡದಿದ್ದರೆ, ಬ್ಯಾಕ್ಟೀರಿಯಾಗಳು ಮಾಂಸದೊಳಗೇ ಹಿಸ್ಟಮಿನ್ ತಯಾರು ಮಾಡುತ್ತವೆ. ಅಲರ್ಜಿಯಲ್ಲಿ ನಮ್ಮ ಮೈ ಸುರಿಸುವ ರಾಸಾಯನಿಕವೇ ಇಲ್ಲಿ ಮೀನಿನಿಂದ ನೇರವಾಗಿ ಹೊಟ್ಟೆಗೆ ಬರುತ್ತದೆ. ಮುಖ ಕೆಂಪಾಗುವುದು, ತಲೆಸಿಡಿತ, ಎದೆ ಬಡಿತ, ಗಂಧೆ, ಭೇದಿ, ಎಲ್ಲವೂ ಅಲರ್ಜಿಯ ಹಾಗೇ ಕಾಣುತ್ತವೆ. ಮೀನು ಬಾಯಿಗಿಟ್ಟಾಗ ಮೆಣಸಿನಂಥ ಚುರುಕು ರುಚಿ ಬಂದಿತ್ತು ಎಂದು ಕೆಲವರು ಹೇಳುತ್ತಾರೆ. ಕುದಿಸಿದರೂ ಫ್ರಿಜ್‌ನಲ್ಲಿಟ್ಟರೂ ಒಮ್ಮೆ ಹುಟ್ಟಿದ ಹಿಸ್ಟಮಿನ್ ಹೋಗುವುದಿಲ್ಲ.

ನಾವಿರುವುದು ಘಟ್ಟದ ಮೇಲೆ. ಕಾರವಾರ, ಅಂಕೋಲಾ, ಗೋವಾ ಕಡೆಯಿಂದ ಮೀನು ಗಾಡಿ ಹತ್ತಿ ಬರಬೇಕು. ಅಲ್ಲಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ರೋಣಕ್ಕೋ ಮುಂಡರಗಿಗೋ ಸಂತೆಗೆ. ದಾರಿಯಲ್ಲಿ ಎಲ್ಲಿ ಮಂಜುಗಡ್ಡೆ ಕರಗಿದರೂ ಈ ಅಪಾಯ ಇದೆ. ನಿಮ್ಮ ಜೊತೆ ತಿಂದ ಇಬ್ಬರು ಮೂವರಿಗೂ ಹೀಗೇ ಆಗಿದ್ದರೆ, ಅಥವಾ ನೀವು ಬಂಗಡೆಯನ್ನು ಮೊದಲೂ ಎಷ್ಟೋ ಸಲ ಆರಾಮಾಗಿ ತಿಂದಿದ್ದರೆ, ಈ ಅನುಮಾನವನ್ನು ಡಾಕ್ಟರರಿಗೆ ಹೇಳಿ. ಇದು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಜೀವನಪೂರ್ತಿ ಮೀನು ಬಿಡಬೇಕಾಗಿಲ್ಲ.

ಮೂರು, ಸಿಗಡಿ-ಏಡಿಯ ಅಲರ್ಜಿ. ಇವು ಮೀನಿನ ಜಾತಿಯೇ ಅಲ್ಲ. ಅವುಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಬೇರೆ, ಅದರ ಹೆಸರು ಟ್ರೋಪೋಮಯೋಸಿನ್. ಸಿಗಡಿ ಆಗದವರಿಗೆ ಮೀನು ಆಗಬಹುದು, ಮೀನು ಆಗದವರಿಗೆ ಸಿಗಡಿ ಆಗಬಹುದು. "ಸೀ-ಫುಡ್ ಅಲರ್ಜಿ" ಎಂದು ಒಟ್ಟಿಗೆ ಬರೆಸಿಕೊಂಡರೆ ಎರಡೂ ತಪ್ಪಿಹೋಗುತ್ತವೆ.

ನಾಲ್ಕು, ಸಾದಾ ಹೊಟ್ಟೆ ಕೆಡುವುದು. ಹಲವು ಗಂಟೆ ಬಿಟ್ಟು ವಾಂತಿ-ಭೇದಿ, ಜ್ವರ. ಗಂಧೆ ಇರುವುದಿಲ್ಲ.

ಪುಟ್ಟ ಮಕ್ಕಳಲ್ಲಿ ಇನ್ನೊಂದು ಬಗೆ ಇದೆ. ಮೀನು ತಿನ್ನಿಸಿದ ಒಂದರಿಂದ ನಾಲ್ಕು ಗಂಟೆಯ ಮೇಲೆ ಮಗು ಒಂದೇ ಸಮ ವಾಂತಿ ಮಾಡಿ ಬಿಳಿಚಿಕೊಂಡು ಸುಸ್ತಾಗುತ್ತದೆ. ಮೈಮೇಲೆ ಗಂಧೆ ಇರುವುದಿಲ್ಲ, ಐಜಿಇ ಟೆಸ್ಟ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಮಗು ಸುಸ್ತಾಗಿದ್ದರೆ ಆಗಲೇ ದವಾಖಾನೆಗೆ ಒಯ್ಯಿರಿ. ಆಮೇಲೆ ಮಕ್ಕಳ ಡಾಕ್ಟರರಿಗೆ ಗಂಟೆಯ ಲೆಕ್ಕ ಸರಿಯಾಗಿ ಹೇಳಿ.

ಮೀನು-ಹಾಲು ಕೂಡಿ ತಿಂದರೆ ತೊನ್ನು ಬರುತ್ತದೆ ಎಂಬ ಮಾತನ್ನೂ ಇದರ ಜೊತೆ ಕಲಸುತ್ತಾರೆ. ತೊನ್ನಿಗೂ ಇದಕ್ಕೂ ಸಂಬಂಧವಿಲ್ಲ.

ಹಂತ 2: ಆಗುತ್ತಿರುವಾಗಲೇ ಏನು ಮಾಡಬೇಕು

ಬರೀ ಕೆಲವು ಗಂಧೆ, ಬಾಯಿಯಲ್ಲಿ ತುರಿಕೆ ಇದ್ದು ಉಸಿರಾಟ ಸರಿ ಇದ್ದರೆ: ತಿನ್ನುವುದನ್ನು ನಿಲ್ಲಿಸಿ, ಬಾಯಿ ಮುಕ್ಕಳಿಸಿ. ಡಾಕ್ಟರ್ ಮೊದಲೇ ಬರೆದುಕೊಟ್ಟ ಅಲರ್ಜಿ ಗುಳಿಗೆ ಇದ್ದರೆ ತೆಗೆದುಕೊಳ್ಳಿ. ಒಬ್ಬರೇ ಹೋಗಿ ಮಲಗಬೇಡಿ. ಕೆಲವು ಗಂಟೆ ಯಾರಾದರೂ ಜೊತೆಗಿರಲಿ.

ಈ ಕೆಳಗಿನದರಲ್ಲಿ ಒಂದಾದರೂ ಇದ್ದರೆ ಅದು ಅನಾಫಿಲ್ಯಾಕ್ಸಿಸ್ ಆಗಿರಬಹುದು. ಅಂದರೆ ಇಡೀ ಮೈಯನ್ನು ಹಿಡಿಯುವ, ಜೀವಕ್ಕೆ ಅಪಾಯವಾದ ಅಲರ್ಜಿ. ದನಿ ಗೊಗ್ಗರಾಗುವುದು, ಗಂಟಲು ಬಿಗಿಯುವುದು, ನಾಲಿಗೆ ಊದುವುದು, ದಮ್ಮು ಅಥವಾ ಸುಂಯ್ ಎಂಬ ಉಸಿರು, ತಲೆಸುತ್ತು, ಮೈ ತಣ್ಣಗಾಗಿ ಬಿಳಿಚಿಕೊಳ್ಳುವುದು, ಮಗು ಇದ್ದಕ್ಕಿದ್ದ ಹಾಗೆ ಮೆತ್ತಗಾಗುವುದು. ಗಂಧೆಯ ಜೊತೆ ನಿಲ್ಲದ ವಾಂತಿ ಇದ್ದರೂ ಹಾಗೇ ಎಂದು ತಿಳಿಯಿರಿ. ಗಂಧೆ ಇಲ್ಲದೆಯೂ ಅನಾಫಿಲ್ಯಾಕ್ಸಿಸ್ ಆಗಬಹುದು, ನೆನಪಿಡಿ.

ಇದಕ್ಕೆ ಮೊದಲ ಮದ್ದು ಅಡ್ರಿನಾಲಿನ್ ಸೂಜಿ. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ಅಳತೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ ಕೊಡುತ್ತಾರೆ. ಸೆಟ್ರಿಜಿನ್, ಅವಿಲ್ ಇಂಥವು ತುರಿಕೆ ಇಳಿಸುತ್ತವೆ, ಗಂಟಲ ಊತವನ್ನೂ ಬೀಳುವ ಬಿಪಿಯನ್ನೂ ತಡೆಯುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳು ಬೇಕು. "ಅವಿಲ್ ಕೊಟ್ಟಾರ, ಸ್ವಲ್ಪ ನೋಡೋಣ" ಎಂದು ಕಾಯುವುದರಲ್ಲೇ ಹೊತ್ತು ಮೀರುತ್ತದೆ.

ಹಳ್ಳಿಯಲ್ಲಿದ್ದವರಿಗೆ ಒಂದು ಮಾತು. ದೊಡ್ಡ ದವಾಖಾನೆ ಅಂತ ಸೀದಾ ಹುಬ್ಬಳ್ಳಿಗೆ ಗಾಡಿ ಓಡಿಸಬೇಡಿ. ಮಕ್ಕಳಿಗೆ ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಡ್ರಿನಾಲಿನ್ ಇಟ್ಟಿರಬೇಕು. ಲಸಿಕೆಯಿಂದ ಅಲರ್ಜಿ ಆದರೆ ಕೊಡಲೆಂದೇ ಆ ಕಿಟ್ ಇರುತ್ತದೆ. ಹತ್ತಿರದ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯಲ್ಲಿ ಮೊದಲ ಸೂಜಿ ಆಗಲಿ. ಆಮೇಲೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಎಲ್ಲಿಗೆ ಕಳಿಸಬೇಕೋ ಅವರು ಹೇಳುತ್ತಾರೆ. ರಾತ್ರಿ ಹೊತ್ತು ತೆರೆದಿರುವುದು ಯಾವುದು ಎಂದು ಇವತ್ತೇ ಕೇಳಿ ಇಟ್ಟುಕೊಳ್ಳಿ.

ನಮ್ಮ ಕಡೆ ಜಾಸ್ತಿ ಆಗುವ ತಪ್ಪುಗಳನ್ನು ಹೇಳಿಬಿಡುತ್ತೇನೆ.

ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು. ಬಿಪಿ ಇಳಿದವರನ್ನು ನೆಟ್ಟಗೆ ಕೂರಿಸಿದರೆ, ಎಬ್ಬಿಸಿ ನಡೆಸಿದರೆ ಹೃದಯಕ್ಕೆ ರಕ್ತ ಸಾಲದೆ ಅಲ್ಲೇ ಕುಸಿಯಬಹುದು. ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ದಮ್ಮು ಜಾಸ್ತಿ ಇದ್ದರೆ ಒರಗಿಸಿ ಕೂರಿಸಿ, ಕಾಲು ಚಾಚಿರಲಿ. ವಾಂತಿ ಇದ್ದರೆ ಮಗ್ಗುಲಾಗಿ, ಬಸುರಿಯಾಗಿದ್ದರೆ ಎಡ ಮಗ್ಗುಲಿಗೆ. 108 ತಡವಾದರೆ ಯಾರದಾದರೂ ಕಾರೋ ಟೆಂಪೋನೋ ಕೇಳಿ.

ಕಂಬಳಿಯಿಂದ ಮೈ ತಿಕ್ಕುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ನಿಂಬೆಹಣ್ಣಿನ ಸೋಡಾ ಕುಡಿಸುವುದು. ಗಂಧೆ ಕೆಲವು ಸಲ ತಾವಾಗಿಯೇ ಇಳಿಯುತ್ತವೆ, ಆಗ ಹೆಸರು ಕಂಬಳಿಗೆ ಬರುತ್ತದೆ. ಗಂಟಲು ಊದಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಸೂಜಿ ಆದ ಮೇಲೆ ಆರಾಮ ಅನ್ನಿಸಿತು ಎಂದು ಕೂಡಲೇ ಮನೆಗೆ ಬರುವುದು. ಕೆಲವರಿಗೆ ಕೆಲವು ಗಂಟೆಯ ನಂತರ ಏನೂ ತಿನ್ನದಿದ್ದರೂ ಎರಡನೇ ಸಲ ಏಳುತ್ತದೆ. ಡಾಕ್ಟರ್ ಇರಿ ಎಂದಷ್ಟು ಹೊತ್ತು ಇರಿ.

ಹಂತ 3: ಅದೇ ದಿನ ಕಥೆ ಬರೆದಿಡಿ

ಇದು ಖರ್ಚಿಲ್ಲದ ಹಂತ, ಇದನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಅಲರ್ಜಿ ಗುರುತಿಸುವುದರಲ್ಲಿ ನಿಮ್ಮ ಕಥೆಯೇ ಮೊದಲ ಟೆಸ್ಟ್. ಅದು ಸರಿ ಇಲ್ಲದಿದ್ದರೆ ಸಾವಿರಾರು ರೂಪಾಯಿಯ ರಿಪೋರ್ಟ್ ಕೂಡ ಏನೂ ಹೇಳುವುದಿಲ್ಲ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ:

ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ಮೊದಲ ಲಕ್ಷಣ ಕಂಡಿತು. ಯಾವ ಮೀನು? ಹೋಟೆಲಿನಲ್ಲಾದರೆ ಕೇಳಿ ಹೆಸರು ಬರೆದುಕೊಳ್ಳಿ. ತುಂಗಭದ್ರೆ, ವರದೆಯ ಹೊಳೆಮೀನು, ಕೆರೆಯ ಕಾಟ್ಲಾ-ರೋಹು, ಸಮುದ್ರದ ಬಂಗಡೆ, ಇವೆಲ್ಲಾ ಡಾಕ್ಟರರಿಗೆ ಬೇರೆ ಬೇರೆ ಸುಳಿವು ಕೊಡುತ್ತವೆ. ಹಸಿ ಮೀನಾ, ಒಣಮೀನಾ? ಎಷ್ಟು ತುಂಡು? ಜೊತೆಗೆ ಏನಿತ್ತು, ಸಿಗಡಿ, ಮೊಟ್ಟೆ, ಶೇಂಗಾ? ತಿಂದವರಲ್ಲಿ ಇನ್ನಾರಿಗಾದರೂ ಆಯಿತಾ? ಅವತ್ತು ಮದ್ಯ ಕುಡಿದಿದ್ದಿರಾ, ನೋವಿನ ಗುಳಿಗೆ ನುಂಗಿದ್ದಿರಾ, ತಿಂದ ಮೇಲೆ ಓಟ, ಆಟ, ಜೋರು ಕೆಲಸ ಮಾಡಿದಿರಾ? ಈ ಮೂರೂ ಅಲರ್ಜಿಯನ್ನು ಜೋರು ಮಾಡಬಲ್ಲವು. ಗಂಧೆ ಇರುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಡಾಕ್ಟರರ ಹತ್ತಿರ ಹೋಗುವಷ್ಟರಲ್ಲಿ ಅವು ಮಾಯವಾಗಿರುತ್ತವೆ.

ಇಲ್ಲೊಂದು ಕಷ್ಟದ ಮಾತು ಹೇಳಲೇಬೇಕು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಮೀನು ಒಳಗೆ ಬರುವುದೇ ಇಲ್ಲ. ಹುಡುಗ-ಹುಡುಗಿಯರು ಮೊದಲ ಸಲ ಮೀನು ತಿನ್ನುವುದು ಗೋವಾ ಪ್ರವಾಸದಲ್ಲೋ ಹಾಸ್ಟೆಲ್ ಗೆಳೆಯರ ಜೊತೆಗೋ. ತೊಂದರೆ ಆದಾಗ ಪಕ್ಕದಲ್ಲಿ ಅಪ್ಪ-ಅವ್ವ ಇರುತ್ತಾರೆ, ಡಾಕ್ಟರ್ "ಏನ್ ತಿಂದಿ?" ಅಂದರೆ "ಹೋಟೆಲ್ ಊಟ ರೀ" ಎಂಬ ಉತ್ತರ ಬರುತ್ತದೆ. ನನ್ನ ತಂಗಿಯೂ ಹಾಗೇ ಮಾಡಿದಳು. ಎರಡು ವರ್ಷ "ಕಾರಣ ತಿಳಿಯದ ಪಿತ್ತ" ಎಂದು ಗುಳಿಗೆ ನುಂಗಿದಳು. ಮೂರನೇ ಸಲ ದಮ್ಮು ಹತ್ತಿ ಬಿದ್ದ ಮೇಲೆ ನಿಜ ಹೇಳಿದಳು. ನೀವು ಅಂಥ ಮನೆಯವರಾದರೆ "ಡಾಕ್ಟರ್ ಸಾಹೇಬ್ರ, ಒಂದ್ ನಿಮಿಷ ನಿಮ್ಮ ಜೋಡಿ ಒಬ್ಬಾಕಿನ ಮಾತಾಡಬೇಕ್ರಿ" ಎಂದು ಕೇಳಿ. ತಂದೆ-ತಾಯಿಗಳೇ, ನೀವೂ ಸ್ವಲ್ಪ ಹೊತ್ತು ಹೊರಗೆ ಕೂತುಕೊಳ್ಳಿ. ತಿಂದದ್ದು ಸರಿಯೋ ತಪ್ಪೋ ಎಂಬ ಮಾತು ಆಮೇಲೆ ಆಡಬಹುದು.

ಹಂತ 4: ಯಾರ ಹತ್ತಿರ ಹೋಗಬೇಕು, ಯಾವ ಟೆಸ್ಟ್

ಮೊದಲು ನಿಮ್ಮ ಮನೆ ಡಾಕ್ಟರ್ ಸಾಕು. ಅವರ ಚೀಟಿ ಹಿಡಿದು ಮುಂದೆ ಹೋಗಿ. ಅಲರ್ಜಿ ಪರೀಕ್ಷೆಯನ್ನು ಚರ್ಮರೋಗ, ಶ್ವಾಸಕೋಶ, ಕಿವಿ-ಮೂಗು-ಗಂಟಲು ಮತ್ತು ಮಕ್ಕಳ ವಿಭಾಗದ ಡಾಕ್ಟರರು ಮಾಡಿಸುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ಎರಡು ಮಾತು ಕೇಳಿ: "ಆಹಾರದ ಅಲರ್ಜಿಗೆ ಚರ್ಮದ ಟೆಸ್ಟ್ ಇಲ್ಲಿ ಮಾಡ್ತೀರಾ? ರಿಯಾಕ್ಷನ್ ಆದರೆ ನೋಡಿಕೊಳ್ಳುವ ವ್ಯವಸ್ಥೆ ಇದೆಯಾ?" ಎರಡಕ್ಕೂ ಹೌದು ಎಂದರೆ ಹೋಗಿ.

ಚರ್ಮ ಚುಚ್ಚುವ ಪರೀಕ್ಷೆ: ಮುಂಗೈ ಮೇಲೆ ಮೀನಿನ ಸಾರದ ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ. ಸುಮಾರು 15 ನಿಮಿಷ ನೋಡುತ್ತಾರೆ. 3 ಮಿಲಿಮೀಟರ್ ಅಥವಾ ಹೆಚ್ಚು ದದ್ದು ಎದ್ದರೆ ಪಾಸಿಟಿವ್. ನೋವು ಬಹಳ ಕಡಿಮೆ. ನೀವು ತಿಂದ ಮೀನಿನ ಸಾರ ಅವರ ಹತ್ತಿರ ಇಲ್ಲದಿದ್ದರೆ, ಆ ಮೀನಿನ ತುಂಡನ್ನೇ ತರಲು ಹೇಳಬಹುದು. ಹೇಳದೆ ತರಬೇಡಿ.

ಐಜಿಇ ಪತ್ತೆಯಾದ ಕಥೆಯ ಬೇರು ಹುಡುಕುತ್ತಾ ಹೋದರೆ ಸಿಗುವುದೂ ಮೀನಿನ ಅಲರ್ಜಿಯೇ. 1921ರಲ್ಲಿ ಕ್ಯೂಸ್ಟ್ನರ್ ಎಂಬ ವೈದ್ಯರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ಎಂಬ ಜೊತೆಗಾರ ತನ್ನ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಗಂಧೆ ಎದ್ದಿತು. ಅಲರ್ಜಿಯನ್ನು ಹೊತ್ತು ತಿರುಗುವ ಏನೋ ಒಂದು ರಕ್ತದಲ್ಲಿದೆ ಎಂದು ಗೊತ್ತಾದದ್ದು ಹಾಗೆ. ಅದಕ್ಕೆ ಐಜಿಇ ಎಂಬ ಹೆಸರು ಬಂದದ್ದು 1960ರ ದಶಕದಲ್ಲಿ.

ಚರ್ಮದ ಟೆಸ್ಟ್‌ಗೆ ಮುಂಚೆ ಸೆಟ್ರಿಜಿನ್, ಲಿವೊಸೆಟ್ರಿಜಿನ್, ಅವಿಲ್, ನೆಗಡಿ ಗುಳಿಗೆಗಳನ್ನು ಸುಮಾರು 5ರಿಂದ 7 ದಿನ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಅಲರ್ಜಿ ಇದ್ದರೂ ಕೈಮೇಲೆ ಏನೂ ಏಳುವುದಿಲ್ಲ. ಎಷ್ಟು ದಿನ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಹುಬ್ಬಳ್ಳಿಗೆ ಬಸ್ ಹತ್ತಿ ಬಂದು "ನಿನ್ನೆ ಗುಳಿಗೆ ತಗೊಂಡೀನ್ರಿ" ಎಂದು ವಾಪಸ್ ಹೋದವರು ಎಷ್ಟೋ ಜನ. ಅಸ್ತಮಾ ಇನ್‌ಹೇಲರ್ ಮಾತ್ರ ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ. ಜೋರು ರಿಯಾಕ್ಷನ್ ಆಗಿದ್ದರೆ ಈ ಟೆಸ್ಟ್‌ಗೆ ಸಾಮಾನ್ಯವಾಗಿ 4ರಿಂದ 6 ವಾರ ಕಾಯುತ್ತಾರೆ.

ರಕ್ತದ ಟೆಸ್ಟ್: ಮೀನಿಗೆ ಸಂಬಂಧಿಸಿದ ಐಜಿಇ ಎಷ್ಟಿದೆ ಎಂದು ನೋಡುತ್ತಾರೆ. ಗುಳಿಗೆ ನಿಲ್ಲಿಸಬೇಕಾಗಿಲ್ಲ. ಬರೀ "ಒಟ್ಟು ಐಜಿಇ" ಮಾಡಿಸಿದರೆ ಉಪಯೋಗವಿಲ್ಲ. ಜಂತುಹುಳ ಇದ್ದರೂ ಅಸ್ತಮಾ ಇದ್ದರೂ ಅದು ಏರುತ್ತದೆ. "ಐಜಿಜಿ" ಎಂಬ ಆಹಾರ ಟೆಸ್ಟ್, ಕೂದಲಿನ ಟೆಸ್ಟ್, ಇವಕ್ಕೆ ದುಡ್ಡು ಹಾಕಬೇಡಿ. ಅವು ಅಲರ್ಜಿಯನ್ನು ಹೇಳುವುದಿಲ್ಲ.

ಹಂತ 5: ರಿಪೋರ್ಟ್ ಓದುವಾಗ ಹೆದರಬೇಡಿ

ನೂರು ಆಹಾರಗಳ "ಅಲರ್ಜಿ ಪ್ಯಾಕೇಜ್" ಮಾಡಿಸಿ, ಮೂವತ್ತಕ್ಕೆ ಪಾಸಿಟಿವ್ ಬಂದು, ಮಗುವಿಗೆ ಗೋಧಿ, ತೊಗರಿ, ಶೇಂಗಾ ಎಲ್ಲಾ ಬಿಡಿಸಿದ ತಾಯಂದಿರು ನನಗೆ ಬರೆದಿದ್ದೀರಿ. ಓದಿ ಸಂಕಟವಾಯಿತು. ಪಾಸಿಟಿವ್ ಎಂದರೆ ಕಾವಲುಗಾರ ಇದ್ದಾನೆ ಎಂದಷ್ಟೇ. ಅವನು ಕೂಗುತ್ತಾನೋ ಇಲ್ಲವೋ ಎಂದು ರಿಪೋರ್ಟ್ ಹೇಳುವುದಿಲ್ಲ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 26.5% ಜನರ ರಕ್ತದಲ್ಲಿ ಯಾವುದಾದರೂ ಆಹಾರಕ್ಕೆ ಐಜಿಇ ಕಂಡಿತು. ತಿಂದಾಗ ತೊಂದರೆಯೂ ಆಗಿ ಆಹಾರದ ಅಲರ್ಜಿ ಇರಬಹುದು ಎನ್ನುವಂಥವರು ಬರೀ 1.2%. ನಮ್ಮ ರಾಜ್ಯದ್ದೇ ಲೆಕ್ಕ ಇದು.

ಹಾಗಾಗಿ ಹಂತ 3ರ ಕಥೆ ಮತ್ತು ರಿಪೋರ್ಟ್ ಎರಡೂ ಒಂದೇ ಮಾತು ಹೇಳಬೇಕು. ಆಗ ಅಲರ್ಜಿ ಇದೆ ಎಂದು ಡಾಕ್ಟರ್ ಹೇಳುತ್ತಾರೆ. ಅಂಕಿ ದೊಡ್ಡದಿದ್ದರೆ ಅಲರ್ಜಿ ಇರುವ ಸಂಭವ ಜಾಸ್ತಿ. ಮುಂದಿನ ಸಲ ಎಷ್ಟು ಜೋರಾಗಿ ಆಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಹಂತ 6: ಅನುಮಾನ ಉಳಿದರೆ ಡಾಕ್ಟರರ ಎದುರಿಗೆ ತಿಂದು ನೋಡುವುದು

ಕಥೆ ಒಂದು ಹೇಳಿ ರಿಪೋರ್ಟ್ ಇನ್ನೊಂದು ಹೇಳಿದರೆ ಕೊನೆಯ ಮಾತು ಈ ಪರೀಕ್ಷೆಯದು. ದವಾಖಾನೆಯಲ್ಲೇ, ಸೂಜಿ ಪಕ್ಕಕ್ಕಿಟ್ಟುಕೊಂಡು, ಚೂರಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಮೀನು ತಿನ್ನಿಸುತ್ತಾರೆ. ಅರ್ಧ ದಿನ ಹಿಡಿಯುತ್ತದೆ.

ಒಂದು ಮೀನು ಆಗದಿದ್ದರೆ ಬೇರೆ ಮೀನು ತಿನ್ನಬಹುದಾ ಎಂದು ಬಹಳ ಜನ ಕೇಳಿದ್ದೀರಿ. ಕೆಲವರಿಗೆ ಆಗುತ್ತದೆ. ಆದರೆ ಪಾರ್ವಾಲ್ಬುಮಿನ್ ಹೆಚ್ಚುಕಡಿಮೆ ಎಲ್ಲಾ ಮೀನುಗಳಲ್ಲಿ ಒಂದೇ ಥರ ಇರುವುದರಿಂದ, ಒಂದು ಮೀನು ಆಗದವರಿಗೆ ಇನ್ನೊಂದೂ ಆಗದಿರುವುದೇ ಬಹಳ. ಟ್ಯೂನಾದಂಥ ಕಪ್ಪು ಮಾಂಸದ ಮೀನಿನಲ್ಲಿ ಅದು ಕಡಿಮೆ ಎಂಬುದು ನಿಜ. ಹಾಗಂತ ಮನೆಯಲ್ಲಿ "ಒಂದು ಚೂರು ತಿಂದು ನೋಡೋಣ" ಎಂದು ಮಾಡಬೇಡಿ. ಯಾವ ಮೀನು ಸುರಕ್ಷಿತ ಎಂದು ನೋಡುವ ಜಾಗವೂ ದವಾಖಾನೆಯೇ.

ಹಂತ 7: ದಿನದಿನದ ಬದುಕು

ಮೀನಿನ ಅಲರ್ಜಿಯನ್ನು ಬೇರುಸಹಿತ ಕೀಳುವ ಮದ್ದು ಇಲ್ಲ. ಒಮಾಲಿಜುಮ್ಯಾಬ್ ಎಂಬ ಸೂಜಿಗೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆಹಾರದ ಅಲರ್ಜಿಗೂ ಒಪ್ಪಿಗೆ ಕೊಟ್ಟಿತು. ಗೊತ್ತಿಲ್ಲದೆ ಸ್ವಲ್ಪ ತಿಂದಾಗ ಆಗುವ ರಿಯಾಕ್ಷನ್ ಕಡಿಮೆ ಮಾಡಲು ಅದು. ಬೆಲೆ ಬಹಳ, ಅದನ್ನು ತೆಗೆದುಕೊಂಡರೂ ಮೀನು ಬಿಡಲೇಬೇಕು. "ಪೂರ್ತಿ ವಾಸಿ ಮಾಡ್ತೀವಿ" ಎನ್ನುವವರನ್ನು ನಂಬಬೇಡಿ.

ಹೋಟೆಲ್. ರೊಟ್ಟಿ ಊಟದ ಸಸ್ಯಾಹಾರಿ ಖಾನಾವಳಿಗಳು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಅಲ್ಲಿ ಮೀನು ಅಡುಗೆಮನೆಗೇ ಬರುವುದಿಲ್ಲ. ಕಷ್ಟ ಇರುವುದು ಮಿಶ್ರ ಹೋಟೆಲ್, ಹೆದ್ದಾರಿ ದಾಬಾ, ಸಂಜೆಯ ಚೈನೀಸ್ ಗಾಡಿಗಳಲ್ಲಿ. ಮೀನು ಕರಿದ ಎಣ್ಣೆಯಲ್ಲೇ ಗೋಬಿ ಮಂಚೂರಿ ಕರಿಯುತ್ತಾರೆ, ಮೀನು ಹುರಿದ ತವೆಯ ಮೇಲೇ ಆಮ್ಲೆಟ್ ಹಾಕುತ್ತಾರೆ. "ಮೀನು ಹಾಕಬೇಡಿ" ಎಂದರೆ ಸಾಲದು. "ಮೀನು ಕರಿದ ಎಣ್ಣಿ, ತವಾ, ಸೌಟು ಯಾವ್ದೂ ಬ್ಯಾಡ್ರಿ, ನನ್ನ ಜೀವಕ್ಕ ಬರ್ತದ" ಎಂದು ನೇರವಾಗಿ ಹೇಳಿ. ನಾಚಿಕೊಳ್ಳಬೇಡಿ. ಅನುಮಾನ ಇದ್ದರೆ ಬೇರೆ ಕಡೆ ಹೋಗಿ.

ಪ್ಯಾಕೆಟ್. ನಮ್ಮ ದೇಶದ 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಆಹಾರದಲ್ಲಿ ಮೀನಿದ್ದರೆ ಅಲರ್ಜಿಯ ಮಾಹಿತಿ ಎಂದು ಬೇರೆಯಾಗಿ ಬರೆಯಬೇಕು. ಹಸಿರು ಚುಕ್ಕಿ ಸಸ್ಯಾಹಾರದ ಗುರುತು, ಅಲರ್ಜಿಯ ಗುರುತಲ್ಲ. ಆ ಸಣ್ಣ ಅಕ್ಷರದ ಸಾಲನ್ನೂ ಓದಿ. ವೂಸ್ಟರ್ ಸಾಸ್, ಥಾಯ್ ಅಡುಗೆಯ ಫಿಶ್ ಸಾಸ್, ಕೆಲವು ಜೆಲಟಿನ್, ಒಮೆಗಾ-3 ಮಾತ್ರೆಗಳಲ್ಲಿ ಮೀನು ಅಡಗಿರುತ್ತದೆ.

ಔಷಧಿ, ಆಪರೇಷನ್. ಹೃದಯದ ಆಪರೇಷನ್‌ನಲ್ಲಿ ಬಳಸುವ ಪ್ರೋಟಮಿನ್ ಮೀನಿನಿಂದ ಬಂದದ್ದು. ಅಪಾಯ ಕಡಿಮೆ, ಆದರೂ ಮೊದಲೇ ಹೇಳಿ. ಬಿಪಿಗೆ ಬೀಟಾ ಬ್ಲಾಕರ್ ಗುಂಪಿನ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅಲರ್ಜಿ ಡಾಕ್ಟರರಿಗೆ ತಿಳಿಸಿ, ಅವು ಅಡ್ರಿನಾಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಸ್ಕ್ಯಾನ್‌ಗೆ ಹಾಕುವ ಅಯೋಡಿನ್ ಡೈ, ಅಡುಗೆಯ ಅಯೋಡಿನ್ ಉಪ್ಪು, ಇವೆರಡಕ್ಕೂ ಮೀನಿನ ಅಲರ್ಜಿಗೂ ಸಂಬಂಧವಿಲ್ಲ.

ಮೃಗಶಿರ ಮಳೆ ಕೂಡುವ ಹೊತ್ತಿಗೆ ದಮ್ಮಿನವರು ಹೈದರಾಬಾದಿಗೆ ಮೀನಿನ ಮದ್ದಿಗೆ ಹೋಗುವುದು ನಿಮಗೆ ಗೊತ್ತು. ಅಲ್ಲಿ ಜೀವಂತ ಮೀನಿನ ಮರಿಯನ್ನೇ ನುಂಗಿಸುತ್ತಾರೆ. ಮೀನಿನ ಅಲರ್ಜಿ ಇದ್ದವರು, ಅನುಮಾನ ಇದ್ದವರು ದಯವಿಟ್ಟು ಹೋಗಬೇಡಿ. ದಮ್ಮು ಇದ್ದವರಿಗೆ ಅನಾಫಿಲ್ಯಾಕ್ಸಿಸ್ ಆದರೆ ಅಪಾಯ ಇನ್ನೂ ಜಾಸ್ತಿ.

ಮೀನು ಬಿಟ್ಟರೆ ಸತ್ವ ಕಡಿಮೆಯಾಗುತ್ತದೆ ಎಂದು ಚಿಂತೆ ಬೇಡ. ಮೊಟ್ಟೆ, ಹೆಸರು, ಮಡಕಿಕಾಳು, ತೊಗರಿ ಇವೆ. ನಮ್ಮ ಅಗಸಿ ಹಿಂಡಿಯಲ್ಲಿ ಒಂದು ಬಗೆಯ ಒಮೆಗಾ-3 ಇದೆ. ಮೀನಿನದಕ್ಕೆ ಅದು ಪೂರ್ತಿ ಸಮ ಅಲ್ಲ, ಆದರೂ ದಿನಾ ರೊಟ್ಟಿ ಜೊತೆ ತಿನ್ನಲು ಒಳ್ಳೆಯದು.

ಹಂತ 8: ಒಂದು ಚೀಲ, ಒಂದು ಚೀಟಿ

ತಾನೇ ಚುಚ್ಚಿಕೊಳ್ಳುವ ಅಡ್ರಿನಾಲಿನ್ ಪೆನ್ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಜೋರು ರಿಯಾಕ್ಷನ್ ಆದವರು ಡಾಕ್ಟರರನ್ನು ಕೇಳಿ, ಗಾಜಿನ ಆಂಪೂಲ್ ಮತ್ತು ಸಿರಿಂಜ್ ಇಟ್ಟುಕೊಳ್ಳಬಹುದಾ ಎಂದು. ಆಂಪೂಲ್ ಎಂದರೆ ಕತ್ತು ಮುರಿದು ತೆಗೆಯುವ ಸಣ್ಣ ಸೀಸೆ. ಅವರು ಹೌದು ಎಂದರೆ ಅಳತೆಯನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಮನೆಯ ಇಬ್ಬರಾದರೂ ನರ್ಸ್ ಎದುರಿಗೆ ನೀರು ತುಂಬಿ ಎಳೆಯುವುದನ್ನು ಮಾಡಿ ಕಲಿಯಲಿ. ಕಲಿಯದೆ ಇಟ್ಟುಕೊಂಡರೆ ಆ ಹೊತ್ತಿನಲ್ಲಿ ಕೈ ನಡುಗುತ್ತದೆ, ಅಳತೆ ತಪ್ಪುತ್ತದೆ.

ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ: ಹೆಸರು, ತೂಕ, "ಮೀನಿನ ಅಲರ್ಜಿ ಇದೆ. ಉಸಿರು ಕಟ್ಟಿದರೆ ಮೊದಲು ಅಡ್ರಿನಾಲಿನ್", ಮನೆಯವರ ಫೋನ್ ನಂಬರ್. ಒಂದು ಪ್ರತಿ ಪರ್ಸಿನಲ್ಲಿ, ಒಂದು ಮೊಬೈಲಿನಲ್ಲಿ, ಮಕ್ಕಳಿದ್ದರೆ ಒಂದು ಶಾಲೆಯ ಮಾಸ್ತರರ ಹತ್ತಿರ. ಶಾಲೆಯ ಬಿಸಿಯೂಟದಲ್ಲಿ ಮೀನು ಇರುವುದಿಲ್ಲ, ಅದರ ಭಯ ಬೇಡ. ಪ್ರವಾಸದ ದಿನ, ಗೆಳೆಯರ ಡಬ್ಬಿ ಹಂಚಿಕೊಳ್ಳುವ ಹೊತ್ತು, ಅಲ್ಲಿ ಮಾತ್ರ ಹುಷಾರು.

ಅಡ್ರಿನಾಲಿನ್‌ಗೆ ಬಿಸಿಲು ಆಗುವುದಿಲ್ಲ. ಏಪ್ರಿಲ್-ಮೇ ತಿಂಗಳ ಗದಗಿನ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಬಿಡಬೇಡಿ. ಬಣ್ಣ ಕಂದಾಗಿದ್ದರೆ, ಒಳಗೆ ಚೂರು ತೇಲುತ್ತಿದ್ದರೆ ಬದಲಾಯಿಸಿ. ಸೀಸೆಯ ಮೇಲಿನ ಅವಧಿ ಮುಗಿಯುವ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ತಿಂಗಳು ಮುಂಚೆಯೇ ಹೊಸದನ್ನು ತಂದಿಡಿ.